ಬಾವಲಿಗಳಿಗೆ ಸೌನಾ ಕಾಯಿಸಿದ ಕಲೆರ್ವೊ

ಇಲ್ಲ ಸ್ವಾಮಿ, ಇದು ಸುಳ್ಳಲ್ಲ. ನೀವು ಡೆಟ್ರಾಯಿಟ್ ಕಡೆಯವರು, ನಿಮಗೆ ಗೊತ್ತಿರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ನಡೆಯುವ ಗಣಿ ಒಂದೂ ಇರಲಿಲ್ಲ. ಆದರೂ ಗಣಿ ಇನ್‌ಸ್ಪೆಕ್ಟರ್ ಅಂತ ಒಬ್ಬನಿದ್ದ, ಅವನನ್ನು ನಾವೇ ನಾಲ್ಕು ವರ್ಷಕ್ಕೊಮ್ಮೆ ಓಟು ಹಾಕಿ ಆರಿಸುತ್ತಿದ್ದೆವು. ನಗಬೇಡಿ. ಗಣಿ ಸತ್ತರೂ ಗುಂಡಿ ಸಾಯುವುದಿಲ್ಲವಲ್ಲ! ಕಂಪನಿಯವರು ತಾಮ್ರ ಕಟ್ಟಿಕೊಂಡು ಹೋದರು, ಗುಂಡಿಗಳನ್ನು ನಮಗೆ ಬಿಟ್ಟುಹೋದರು. ಮಿಶಿಗನ್ನಿನ ಈ ಮೇಲ್ತುದಿಯಲ್ಲಿ ನೆಲ ಅನ್ನುವುದು ಒಂದು ನಂಬಿಕೆ ಅಷ್ಟೆ. ನಮ್ಮ ಚಿಕ್ಕಪ್ಪನ ಹಸು ಒಂದು ಸಲ ಮೇಯುತ್ತಾ ಮೇಯುತ್ತಾ ಹಾಗೇ ಮಾಯವಾಯಿತು. ಆಮೇಲೆ ಒಂದು ವಾರ ಮೂರು ಮೈಲಿ ಆಚೆಯ ಬಾವಿಯಲ್ಲಿ ನೀರು ಬೆಳ್ಳಗೆ ಬಂತು. ಆ ಊರಿನವರು ಕಾಫಿಗೆ ಹಾಲು ಕೊಳ್ಳುವುದನ್ನೇ ಬಿಟ್ಟಿದ್ದರು.

ಆಯಿತು, ಹಸು ಬೇಡ. ಇನ್‌ಸ್ಪೆಕ್ಟರನ ವಿಷಯಕ್ಕೇ ಬರುತ್ತೇನೆ.

ಅವನ ಹೆಸರು ಕಲೆರ್ವೊ ನಿಸ್ಕಾನೆನ್. ನನ್ನ ಹೆಂಡತಿ ಸೈಮಾಳ ಅಣ್ಣ, ನನಗೆ ಭಾವ. ನಾವೆಲ್ಲ ಫಿನ್‌ಲೆಂಡಿನಿಂದ ಬಂದವರ ಮಕ್ಕಳು. ನಮ್ಮ ಜನ ಮಾತಾಡುವುದು ಕಡಿಮೆ. ನಾನೊಬ್ಬ ಹೇಗೆ ಹೀಗಾದೆ ಅಂತ ನಮ್ಮ ತಾಯಿಯೇ ಪಾದ್ರಿಯ ಹತ್ತಿರ ಹೋಗಿ ಕೇಳಿದ್ದಳು. ಆದರೆ ಕಲೆರ್ವೊ ನಮ್ಮವರಿಗಿಂತಲೂ ಕಡಿಮೆ ಮಾತಿನವನು. ಮದುವೆಯ ದಿನ ಚರ್ಚಿನಲ್ಲಿ "ಒಪ್ಪಿದ್ದೇನೆ" ಅಂದನಲ್ಲ, ಅವನ ಹೆಂಡತಿ ಬದುಕಿದ್ದಷ್ಟು ದಿನ ಅದನ್ನೇ ಅವನ ಉದ್ದದ ಭಾಷಣ ಅಂತ ಹೇಳುತ್ತಿದ್ದಳು.

ಹತ್ತೊಂಬತ್ತನೇ ವಯಸ್ಸಿಗೆ ಅವನು ಹ್ಯಾರಿಯೆಟ್ ಗಣಿಗೆ ಇಳಿದ. ಆರು ವಾರಕ್ಕೆ ಗಣಿ ಮುಚ್ಚಿತು. ಇವನು ಇಳಿದದ್ದಕ್ಕೇ ಮುಚ್ಚಿತು ಅಂತ ನಾನು ಇವತ್ತಿಗೂ ರೇಗಿಸುತ್ತೇನೆ. ಆಮೇಲೆ ಊರಿನ ಶಾಲೆಯ ನೆಲಮಾಳಿಗೆಯಲ್ಲಿ ಕುಲುಮೆ ಉರಿಸುವ ಕೆಲಸ ಸಿಕ್ಕಿತು. ಮೂವತ್ತೊಂದು ಚಳಿಗಾಲ ಇಡೀ ಶಾಲೆಯನ್ನು ಬೆಚ್ಚಗಿಟ್ಟ. ಬೆಳಿಗ್ಗೆ ನಾಲ್ಕಕ್ಕೆ ಹೋಗಿ ಕಲ್ಲಿದ್ದಲು ಹಾಕುತ್ತಿದ್ದ. ಎಂಟಕ್ಕೆ ಮಕ್ಕಳು ಬರುವ ಹೊತ್ತಿಗೆ ಬೆಂಚೂ ಬಿಸಿ, ಮಾಸ್ತರರೂ ಬಿಸಿ. ಅವನ ಲೆಕ್ಕದಲ್ಲಿ ಲೋಕದಲ್ಲಿ ಎರಡೇ ಥರದ ಜೀವಿಗಳು: ಬೆಚ್ಚಗಿರುವವು, ಇನ್ನೂ ಬೆಚ್ಚಗಾಗಬೇಕಾದವು. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ.

ಇನ್‌ಸ್ಪೆಕ್ಟರ್ ಆದದ್ದು ನನ್ನ ಕಿತಾಪತಿಯಿಂದ. ಒಂದು ಚುನಾವಣೆಯಲ್ಲಿ ಆ ಹುದ್ದೆಗೆ ಯಾರೂ ನಿಂತಿರಲಿಲ್ಲ. ಕಾಫಿ ಅಂಗಡಿಯಲ್ಲಿ ಕೂತಿದ್ದಾಗ "ಎಲ್ಲರೂ ಮತಪತ್ರದಲ್ಲಿ ಕಲೆರ್ವೊ ಹೆಸರು ಬರೆಯೋಣ, ತಮಾಷೆಯಾಗಿರುತ್ತೆ" ಅಂದೆ. ನಲವತ್ತು ಜನ ಬರೆದರು. ಗೆದ್ದ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನು ನಗಲಿಲ್ಲ. ಮಾರನೇ ದಿನ ಮುಳ್ಳುತಂತಿಯ ಸುರುಳಿ ಹೆಗಲಿಗೆ ಹಾಕಿಕೊಂಡು ಗುಡ್ಡ ಹತ್ತಿದ. ಇಪ್ಪತ್ತು ವರ್ಷದಲ್ಲಿ ಅರವತ್ತೊಂದು ಗುಂಡಿಗಳಿಗೆ ಬೇಲಿ ಹಾಕಿದ, ಇಲ್ಲವೇ ಮಣ್ಣು ತುಂಬಿಸಿದ. ಅವನ ಕಾಲದಲ್ಲಿ ಒಂದು ಮೊಲ ಕೂಡ ಬಿದ್ದು ಸಾಯಲಿಲ್ಲ.

ಕೊನೆಗೆ ಉಳಿದದ್ದು ಒಂದೇ. ಹ್ಯಾರಿಯೆಟ್ ಗಣಿಯ ಅಡ್ಡಸುರಂಗ. ಗುಡ್ಡದ ಪಕ್ಕೆಯಲ್ಲಿ ಕಲ್ಲುಕಟ್ಟಡದ ಬಾಯಿ, ಆಳೆತ್ತರ, ಒಳಗೆ ಕತ್ತಲೆ. "ತೊಂಬತ್ತಾರರ ಚುನಾವಣೆ ಒಳಗೆ ಅದನ್ನೂ ಮುಚ್ಚುತ್ತೇನೆ" ಅಂತ ಊರಿಗೆ ಮಾತು ಕೊಟ್ಟಿದ್ದ. ಕಲೆರ್ವೊನ ಬಾಯಿಂದ ಬಂದ ಮಾತು, ಬ್ಯಾಂಕಿನಲ್ಲಿ ಇಟ್ಟ ಹಾಗೆ.

ಆ ವರ್ಷದ ಫೆಬ್ರವರಿಯಲ್ಲಿ ಎಷ್ಟು ಮಣ್ಣು ಬೇಕು ಅಂತ ಅಳೆಯಲು ಒಳಗೆ ಹೋದ. ಆ ಚಳಿ ಎಂಥದ್ದು ಅಂತ ಹೇಗೆ ಹೇಳಲಿ? ನಮ್ಮನೆ ಹೊಗೆಗೊಳವೆಯಿಂದ ಹೊರಟ ಹೊಗೆ ಹೊರಗೆ ತಲೆ ಹಾಕಿ ನೋಡಿ, ಬೇಡಪ್ಪ ಅಂತ ತಿರುಗಿ ಒಳಗೇ ಬಂದಿತ್ತು. ಮಧ್ಯಾಹ್ನ ಕಲೆರ್ವೊ ನಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತ. ಗಡ್ಡದಲ್ಲಿ ಹಿಮ.

"ಸುಲೊ, ನಿಮ್ಮ ಹಳೇ ಸೌನಾ ಒಲೆ ಎಲ್ಲಿದೆ?"

"ಕೊಟ್ಟಿಗೆ ಹಿಂದೆ ಬಿದ್ದಿದೆ. ಯಾಕೆ ಭಾವ?"

"ಬೇಕು."

ಒಂದು ವಾರದ ಮಾತು ಅಲ್ಲಿಗೆ ಖರ್ಚಾಯಿತು. ಮರುದಿನ ಬೆಳಿಗ್ಗೆ ಒಲೆಯನ್ನೂ ಒಣ ಬರ್ಚ್ ಸೌದೆಯನ್ನೂ ಜಾರುಬಂಡಿಗೆ ಕಟ್ಟಿ ಇಬ್ಬರೂ ಗುಡ್ಡಕ್ಕೆ ಎಳೆದುಕೊಂಡು ಹೋದೆವು. ಸುರಂಗದೊಳಗೆ ಮುನ್ನೂರು ಹೆಜ್ಜೆ ನಡೆದ ಮೇಲೆ ಅವನು ದೀಪ ಎತ್ತಿದ.

ಚಾವಣಿ ಪೂರ್ತಿ ಬಾವಲಿಗಳು. ಸಾವಿರ ಸಾವಿರ. ಒಂದಕ್ಕೊಂದು ಒತ್ತಿಕೊಂಡು, ತಲೆಕೆಳಗಾಗಿ, ಒಂದು ಮಿಸುಕಾಟ ಇಲ್ಲ. ಒಂದೊಂದರ ತುಪ್ಪಳದ ಮೇಲೂ ನೀರಿನ ಹನಿ ಕೂತು ಗಾಜಿನ ಮಣಿಯ ಹಾಗೆ ಹೊಳೆಯುತ್ತಿತ್ತು. ನಾನು ಮುಟ್ಟಿದೆ. ಐಸಿನಷ್ಟು ತಣ್ಣಗೆ.

"ಮರಗಟ್ಟಿವೆ. ಪಾಪ" ಅಂದ ಕಲೆರ್ವೊ.

ಈಗ ನೀವು ನಗುತ್ತೀರಿ. ಆದರೆ ಕೇಳಿ. ನಮ್ಮ ಜನ ಹೊಸ ಜಾಗಕ್ಕೆ ಬಂದರೆ ಮೊದಲು ಕಟ್ಟುವುದು ಸೌನಾ, ಅಂದರೆ ಒಲೆಯ ಬಿಸಿಕಲ್ಲಿಗೆ ನೀರು ಹಾಕಿ ಬೆವರುವ ಕೋಣೆ; ಮನೆ ಆಮೇಲೆ. ನಾನು ಹುಟ್ಟಿದ್ದು ಆ ಹಬೆಮನೆಯಲ್ಲಿ. ನಮ್ಮಪ್ಪ ಸತ್ತಾಗ ತೊಳೆದದ್ದು ಅದರಲ್ಲೇ. ಶನಿವಾರ ಸಂಜೆ ನೆಂಟರು ಬಂದರೆ "ಊಟ ಆಯ್ತಾ" ಅಂತ ಕೇಳುವ ಮೊದಲು "ಸೌನಾ ಕಾದಿದೆ, ಹೋಗಿ" ಅನ್ನುತ್ತೇವೆ. ಅಂಥವರ ಕಣ್ಣೆದುರಿಗೆ ಇಷ್ಟೊಂದು ಜೀವಗಳು ಒದ್ದೆಯಾಗಿ, ತಣ್ಣಗೆ ನೇತಾಡುತ್ತಿದ್ದರೆ ಬೇರೇನು ಹೊಳೆಯಬೇಕು? ಅದರಲ್ಲೂ ಒಬ್ಬ ಮೂವತ್ತೊಂದು ವರ್ಷ ಶಾಲೆ ಕಾಯಿಸಿದವನು.

ಒಲೆ ಹಚ್ಚಿದೆವು. ಚೆನ್ನಾಗಿ ಹತ್ತಿಕೊಂಡಿತು. ಒಂದು ಗಂಟೆಯಲ್ಲಿ ಚಾವಣಿಯಲ್ಲಿ ಸಣ್ಣಗೆ ಚಿಂವ್ ಚಿಂವ್ ಶುರುವಾಯಿತು. ಒಂದು ರೆಕ್ಕೆ ಬಿಚ್ಚಿತು. ಇನ್ನೊಂದು.

"ಎದ್ದವು ಕಣೋ ಸುಲೊ!" ಅಂದ. ಅವನು ಅಷ್ಟು ಖುಷಿಯಾಗಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಟೋಪಿ ತೆಗೆದು ನಿಂತಿದ್ದ.

ಆಮೇಲೆ ಅವು ನಮ್ಮ ತಲೆ ಮೇಲೆ ಹಾದು ಹೊರಗೆ ಹಾರಿದವು. ಹಗಲು. ಹೊರಗೆ ಸೊನ್ನೆಗಿಂತ ಮೂವತ್ತು ಕೆಳಗೆ. ಹಿಂದೆಯೇ ಓಡಿಹೋಗಿ ನೋಡಿದರೆ, ಬಿಳಿ ಹಿಮದ ಮೇಲೆ ಕಪ್ಪು ಕಪ್ಪು ಚುಕ್ಕಿ. ಮೊದಲು ಹತ್ತು, ಆಮೇಲೆ ಇಪ್ಪತ್ತು. ಕಲೆರ್ವೊ ಒಳಗೆ ಓಡಿ ಉರಿಯುವ ಸೌದೆಯನ್ನು ಬರಿಗೈಯಲ್ಲೇ ಎಳೆದು ಹಿಮಕ್ಕೆ ಎಸೆದ. ಆಮೇಲೆ ಒಂದೊಂದನ್ನೇ ಹೆಕ್ಕಿ ಅಂಗಿಯೊಳಗೆ, ಎದೆಗೆ ಒತ್ತಿ ಇಟ್ಟುಕೊಂಡ. ಸಂಜೆ ನಮ್ಮ ಅಡುಗೆಮನೆಯಲ್ಲಿ ಅವನ್ನು ಆಲೂಗಡ್ಡೆ ಬಕೆಟ್ಟಿಗೆ ಹಾಕಿದ. ನಲವತ್ತಮೂರು. ಒಂದೂ ಅಲುಗಲಿಲ್ಲ.

ಸೈಮಾ ಬಗ್ಗಿ ನೋಡಿದಳು. "ಅಣ್ಣಾ, ನೀನು ತಗೊಂಡು ಹೋಗಿದ್ದು ನನ್ನ ಒಲೆ" ಅಂದಳು. ಅಷ್ಟೆ.

ಅವನು ಟೆಲಿಫೋನನ್ನು ಕಂಡರೆ ಆಗದವನು. ಅವತ್ತು ತಾನಾಗಿಯೇ ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿದ. ಎರಡು ದಿನ ಬಿಟ್ಟು ಬಾವಲಿಗಳ ಬಗ್ಗೆಯೇ ಓದಿದ ಒಬ್ಬ ಹೆಂಗಸು ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬಂದಳು. ಮಾರ್ಗೊ ಕೀಟಿಂಗ್ ಅಂತ. ಗಿಡ್ಡಗೆ, ಚುರುಕು, ತಲೆ ಮೇಲೆ ದೀಪ. ಒಳಗೆ ಹೋಗಿ ಬಂದು, ಒಲೆಯನ್ನು ನೋಡಿ, ನಮ್ಮಿಬ್ಬರನ್ನು ನೋಡಿದಳು.

"ಇದನ್ನ ಯಾರು ತಂದಿದ್ದು?"

"ನಾನು" ಅಂದ ಕಲೆರ್ವೊ.

"ಅವು ಚಳಿಗೆ ಸಿಕ್ಕಿಹಾಕಿಕೊಂಡಿರಲಿಲ್ಲ ಸಾರ್. ಆ ತಣ್ಣಗಿನ ಜಾಗ ಹುಡುಕಿಕೊಂಡೇ ಬಂದಿದ್ದು. ಬೇಸಿಗೆಯಲ್ಲಿ ತಿಂದ ಕೊಬ್ಬೇ ಅವುಕ್ಕೆ ಬುತ್ತಿ. ತಣ್ಣಗೆ ಮಲಗಿದ್ರೆ ಮೇ ತಿಂಗಳ ತನಕ ಬರುತ್ತೆ. ಒಂದು ಸಲ ಎಬ್ಬಿಸಿದ್ರೆ ತಿಂಗಳ ಬುತ್ತಿ ಖಾಲಿ."

ಕಲೆರ್ವೊ ಒಲೆಯ ಬಾಗಿಲು ಮುಚ್ಚಿದ. ಆಮೇಲೆ, "ಬಾಯಿಗೆ ಮಣ್ಣು ತುಂಬಿದ್ರೆ?"

"ಒಳಗಿದ್ರೆ ಒಳಗೇ ಸಾಯ್ತವೆ. ಹೊರಗಿದ್ರೆ ಮುಂದಿನ ಚಳೀಲಿ ಸಾಯ್ತವೆ. ಇಷ್ಟು ಹದವಾದ ಜಾಗ ಸುತ್ತ ಇನ್ನೂರು ಮೈಲೀಲಿ ನಾನು ನೋಡಿಲ್ಲ."

"ತೆರೆದೇ ಬಿಟ್ರೆ?"

"ನಿಮ್ಮಂಥೋರು ಒಲೆ ತರ್ತಾರೆ."

ಆಮೇಲೆ ಅವಳು ಒಂದು ಚೀಟಿಯಲ್ಲಿ ಚಿತ್ರ ಬರೆದುಕೊಟ್ಟಳು. ಸುರಂಗದ ಬಾಯಿಗೆ ಕಬ್ಬಿಣದ ಗೇಟು. ಅಡ್ಡಡ್ಡ ಪಟ್ಟಿಗಳು, ಪಟ್ಟಿಗೂ ಪಟ್ಟಿಗೂ ನಡುವೆ ಐದೂಮುಕ್ಕಾಲು ಇಂಚು. ಬಾವಲಿ ಹಾರಿಹೋಗಬೇಕು, ಮನುಷ್ಯನ ತಲೆ ತೂರಬಾರದು, ಗಾಳಿ ಆಡಬೇಕು. ಬಾವಲಿಗಳು ಹೊರಗಿರುವ ಬೇಸಿಗೆಯಲ್ಲೇ ಹಾಕಿ ಮುಗಿಸಿ ಅಂದಳು.

ಕಲೆರ್ವೊ ಆ ಚೀಟಿ ಹಿಡಿದು ಜಿಲ್ಲಾ ಮಂಡಳಿಗೆ ಹೋದ. ಮಂಡಳಿಯವರು ಬೇಸಿಗೆ ಪೂರ್ತಿ ಅದರ ಬಗ್ಗೆ ಚರ್ಚೆ ಮಾಡಿದರು. ಬಾವಲಿ ಪಕ್ಷಿಯೋ ಪ್ರಾಣಿಯೋ ಅನ್ನುವುದಕ್ಕೇ ಒಂದು ಸಭೆ ಹೋಯಿತು. ಕೊನೆಗೆ, "ನವೆಂಬರಲ್ಲಿ ಚುನಾವಣೆ ಇದೆಯಲ್ಲ, ಯಾರು ಗೆಲ್ತಾರೋ ಅವರು ನೋಡ್ಕೊಳ್ಳಲಿ" ಅಂದರು. ಅಷ್ಟರಲ್ಲಿ ಬಾವಲಿಗಳು ತಿರುಗಿ ಬಂದು, ಒಳಗೆ ಹೋಗಿ, ನೇತುಬಿದ್ದು ಮಲಗಿಬಿಟ್ಟವು.

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕಲೆರ್ವೊಗೆ ಒಬ್ಬ ಎದುರಾಳಿ ಹುಟ್ಟಿಕೊಂಡಿದ್ದ. ಹೆಡ್ಲಿ ಟ್ರೆವಾರೊ. ಅವನ ಹಿರೀಕರು ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಗಣಿ ಕೆಲಸಕ್ಕೆ ಬಂದವರು. ಅವರು ಮೇಸ್ತ್ರಿಗಳು, ನಾವು ಗಾಡಿ ತಳ್ಳುವವರು. ಆ ಗಣಿ ಮುಚ್ಚಿ ಅರ್ಧ ಶತಮಾನ ಆದರೂ ಅವರು ಇನ್ನೂ ಮೇಸ್ತ್ರಿಗಳೇ. ಹೆಡ್ಲಿಗೆ ಒಂದು ಬುಲ್ಡೋಜರ್ ಇತ್ತು, ಅದಕ್ಕಿಂತ ಜೋರಾದ ಬಾಯಿ ಇತ್ತು. ಅವನು ಅವರ ಹೂರಣ ತುಂಬಿದ ಪ್ಯಾಸ್ಟಿ ಕಡುಬು ತಿನ್ನುವಾಗಲೂ ಮಾತು ನಿಲ್ಲುತ್ತಿರಲಿಲ್ಲ. ಎದುರಿಗೆ ಕೂತವರ ಅಂಗಿ ನೋಡಿದರೆ ಒಳಗೆ ದನದ ಮಾಂಸ ಹಾಕಿದೆಯೋ ಟರ್ನಿಪ್ ಗೆಡ್ಡೆ ಹಾಕಿದೆಯೋ ಗೊತ್ತಾಗುತ್ತಿತ್ತು. ಅವನ ಘೋಷಣೆ ಒಂದೇ: "ಜನವರಿ ಒಂದು, ನನ್ನ ಮೊದಲನೇ ದಿನ, ಈ ಜಿಲ್ಲೇಲಿ ಒಂದೂ ಬಾಯಿಬಿಟ್ಟ ಗುಂಡಿ ಇರಲ್ಲ!"

ಅಂದರೆ ಲೆಕ್ಕ ತಿಳಿಯಿತಲ್ಲ? ಹೆಡ್ಲಿ ಗೆದ್ದರೆ ಜನವರಿ ಒಂದರಂದು ಮಲಗಿದ ಬಾವಲಿಗಳನ್ನು ಒಳಗೇ ಇಟ್ಟು ಮಣ್ಣು ತುಂಬುತ್ತಾನೆ. ಅವು ಬದುಕಬೇಕಾದರೆ ಕಲೆರ್ವೊ ಗೆಲ್ಲಬೇಕು. ಗೆಲ್ಲಬೇಕಾದರೆ ಮಾತಾಡಬೇಕು. ಬಾವಲಿಗಳ ಗ್ರಹಚಾರ ನೋಡಿ, ಇಡೀ ಜಿಲ್ಲೆಯಲ್ಲಿ ಅವಕ್ಕೆ ಸಿಕ್ಕಿದ ವಕೀಲ ಅವನು!

ಅಕ್ಟೋಬರಿನಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಸಭೆ. ಕಾಫಿ, ಏಲಕ್ಕಿ ಹಾಕಿದ ನಿಸು ರೊಟ್ಟಿ, ನೂರು ಜನ. ಹೆಡ್ಲಿ ಮುಕ್ಕಾಲು ಗಂಟೆ ಮಾತಾಡಿದ. ಕೊನೆಗೆ ಬೆರಳು ತೋರಿಸಿದ. "ಯಾಕೆ ಇವನು ಕೊನೇ ಗುಂಡಿ ಮುಚ್ತಿಲ್ಲ ಗೊತ್ತಾ? ಗುಂಡಿ ಮುಚ್ಚಿದ್ರೆ ಕುರ್ಚಿ ಹೋಗುತ್ತಲ್ಲ! ಬಾವಲಿ ಬರೀ ನೆಪ. ಅವು ಹೋದ್ರೆ ಯಾರಿಗೆ ನಷ್ಟ?"

"ಸೊಳ್ಳೆ ಯಾರು ತಿಂತಾರೆ, ನೀನಾ?" ಅಂತ ನಾನು ಹಿಂದಿನಿಂದ ಕೂಗಿದೆ. "ನಮ್ಮ ಜುಲೈ ಸೊಳ್ಳೆ ಎರಡು ಸೇರಿದ್ರೆ ಒಬ್ಬ ಆಳನ್ನ ಹೊತ್ಕೊಂಡು ಹೋಗ್ತವೆ. ಮೂರನೇದು ಟೋಪಿಗೆ ಅಂತ ವಾಪಸ್ ಬರುತ್ತೆ!"

ಜನ ನಕ್ಕರು. ಕಲೆರ್ವೊ ಎದ್ದು ನಿಂತ. ಟೋಪಿಯನ್ನು ಕೈಯಲ್ಲಿ ತಿರುಗಿಸಿದ. ನಾನು ಅವನಿಗೆ ಒಂದು ಭಾಷಣ ಬರೆದುಕೊಟ್ಟಿದ್ದೆ, ಭರ್ಜರಿ ಭಾಷಣ. ಅದು ಅವನ ಜೇಬಿನಲ್ಲೇ ಉಳಿಯಿತು.

"ನಾನು ಅವುಕ್ಕೆ ಸೌನಾ ಕಾಯಿಸಿದೆ" ಅಂದ. "ಮರಗಟ್ಟಿವೆ ಅನ್ಕೊಂಡೆ. ನಲವತ್ತಮೂರು ಸತ್ತವು. ನಾನೇ ಸಾಯಿಸಿದ್ದು. ಉಳಿದವನ್ನ ಸಾಯಿಸಬೇಡಿ."

ಕೂತುಬಿಟ್ಟ.

ಹಿಂದಿನ ಸಾಲಿನಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಆಮೇಲೆ ಇಡೀ ನೆಲಮಾಳಿಗೆಯೇ ಬಿದ್ದು ಬಿದ್ದು ನಕ್ಕಿತು. "ಬಾವಲಿಗೆ ಬೆನ್ನು ಯಾರು ಉಜ್ಜಿದ್ರೋ ಕಲೆರ್ವೊ?" "ಟವೆಲ್ ಕೊಟ್ಟಿದ್ಯಾ?" ಪಾದ್ರಿಯೂ ಕಾಫಿ ಲೋಟದ ಹಿಂದೆ ಮುಖ ಮುಚ್ಚಿಕೊಂಡ. ನಾನು ನಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಕೆಟ್ಟನ್ನು ಕಣ್ಣಾರೆ ನೋಡಿದವನು ನಾನು, ಆದರೂ ನಕ್ಕೆ. ಅವನು ಕತ್ತು ಬಗ್ಗಿಸಿ ಟೋಪಿ ನೋಡುತ್ತಾ ಕೂತಿದ್ದ.

ಹನ್ನೊಂದು ಓಟಿನಿಂದ ಸೋತ. ಅದರಲ್ಲಿ ಒಂದು ನಮ್ಮ ಮನೆಯದ್ದೇ ಅಂತ ನನ್ನ ಗುಮಾನಿ. "ಕೇಳದೆ ಒಲೆ ತಗೊಂಡು ಹೋಗೋ ಗಂಡಸಿಗೆ ಸರ್ಕಾರಿ ಅಧಿಕಾರ ಕೊಡಬಾರದು" ಅಂತ ಸೈಮಾ ಒಂದು ಸಲ ಅಂದಿದ್ದಳು. ಕೇಳಿದರೆ, ಗುಟ್ಟಿನ ಮತದಾನ ಅನ್ನುತ್ತಾಳೆ.

ಸೋತ ಮರುದಿನ ನನ್ನ ಗ್ಯಾರೇಜಿಗೆ ಬಂದ. ನಾನು ರಸ್ತೆ ಇಲಾಖೆಯ ಕಾರ್ಖಾನೆಯಲ್ಲಿ ಬೆಸುಗೆ ಕೆಲಸ ಮಾಡಿ ನಿವೃತ್ತನಾದವನು. ಮಾರ್ಗೊ ಬರೆದುಕೊಟ್ಟ ಚೀಟಿಯನ್ನು ಮೇಜಿನ ಮೇಲಿಟ್ಟ.

"ಡಿಸೆಂಬರ್ ಮೂವತ್ತೊಂದರ ತನಕ ನಾನೇ ಇನ್‌ಸ್ಪೆಕ್ಟರ್" ಅಂದ. "ಬಾಯಿಗೆ ಕಬ್ಬಿಣ ಬಿದ್ರೆ, ಕಾಗದದ ಮೇಲೆ ಅದು ಮುಚ್ಚಿದ ಗುಂಡಿ."

"ಈಗ ಹಾಕಬಾರದು ಅಂದ್ಲಲ್ಲ ಆಯಮ್ಮ? ಒಳಗೆ ಮಲಗಿವೆ. ಕಲ್ಲು ಕೊರೆದ್ರೆ, ಬೆಸುಗೆ ಹಾಕಿದ್ರೆ ಎದ್ದುಬಿಡ್ತವೆ."

"ಕೊರೆಯಲ್ಲ. ಬೆಸುಗೆ ಇಲ್ಲೇ ಹಾಕು. ಅಲ್ಲಿ ಬೆಣೆ ಹೊಡೆಯೋಣ. ಮಾತಾಡದೆ ಮಾಡೋಣ."

ಫೋನಿನಲ್ಲಿ ಮಾರ್ಗೊಳನ್ನು ಕೇಳಿದೆವು. ಅವಳು ಯೋಚಿಸಿ, "ಬೆಂಕಿ ಇಲ್ಲ, ಸದ್ದಿಲ್ಲ, ಒಳಗೆ ಒಂದು ಹೆಜ್ಜೆ ಇಡೋದಿಲ್ಲ ಅಂದ್ರೆ ಮಾಡಿ. ಆದ್ರೆ ಅಷ್ಟು ಜನ ಗಂಡಸರು ಬಾಯಿ ಮುಚ್ಕೊಂಡು ಕೆಲಸ ಮಾಡೋಕೆ ಆಗುತ್ತಾ?" ಅಂದಳು. ಅವಳಿಗೆ ನಮ್ಮ ಜನ ಇನ್ನೂ ಗೊತ್ತಿರಲಿಲ್ಲ.

ಆರು ವಾರ ನನ್ನ ಗ್ಯಾರೇಜಿನಲ್ಲಿ ಗೇಟನ್ನು ನಾಲ್ಕು ತುಂಡು ಮಾಡಿ ಕಟ್ಟಿದೆ. ಕ್ರಿಸ್ಮಸ್ ಕಳೆದ ಮೇಲೆ ಏಳು ಜನ ಮುದುಕರು ಅವನ್ನು ಜಾರುಬಂಡಿಯಲ್ಲಿ ಎಳೆದುಕೊಂಡು ಹೋದೆವು. ನಮ್ಮಪ್ಪಂದಿರು ಗಣಿಯಲ್ಲಿ ತೊಲೆ ನಿಲ್ಲಿಸುತ್ತಿದ್ದ ಹಾಗೇ ಮಾಡಿದೆವು: ಚೌಕಟ್ಟು ನಿಲ್ಲಿಸಿ, ಕಲ್ಲಿಗೂ ಕಬ್ಬಿಣಕ್ಕೂ ನಡುವೆ ಒಣ ಸೀಡರ್ ಮರದ ಬೆಣೆ ತುರುಕಿ, ನೀರು ಸುರಿಯುವುದು. ಬೆಣೆ ನೀರು ಕುಡಿದು ಊದಿಕೊಳ್ಳುತ್ತದೆ. ಆ ಚಳಿಯಲ್ಲಿ ಮೇಲೆ ಐಸು ಕಟ್ಟಿ ಗಾರೆ ಹಾಕಿದ ಹಾಗೆ ಆಗುತ್ತದೆ. ಸುತ್ತಿಗೆಗಳಿಗೆ ಉಣ್ಣೆ ಕಾಲುಚೀಲ ತೊಡಿಸಿದ್ದೆವು. ಮೂರು ದಿನ ಯಾರೂ ತುಟಿ ಬಿಚ್ಚಲಿಲ್ಲ. ಉಳಿದ ಆರು ಜನಕ್ಕೆ ಅದು ಮಾಮೂಲು. ನನಗೆ ಮಾತ್ರ ಎರಡನೇ ದಿನ ಜ್ವರ ಬಂತು.

ಮೂವತ್ತರಂದು ಬೆಳಿಗ್ಗೆ ಕೊನೆಯ ತುಂಡು ಎತ್ತುತ್ತಿದ್ದೆವು. ಒಬ್ಬ ಆಳು ಕಡಿಮೆ. ಅವತ್ತು ಒಬ್ಬನಿಗೆ ಸೊಂಟ ಹಿಡಿದಿತ್ತು. ಆಗ ಕೆಳಗಿನಿಂದ ಹೆಡ್ಲಿ ಟ್ರೆವಾರೊ ಹತ್ತಿ ಬಂದ, ಬುಲ್ಡೋಜರಿಗೆ ದಾರಿ ನೋಡಲು. ದೂರದಿಂದಲೇ ಶುರು.

"ಏನ್ರೋ ಇದು? ಯಾರು ಹೇಳಿದ್ರು ನಿಮಗೆ?"

ನಾವು ತುಂಡನ್ನು ಎತ್ತುತ್ತಲೇ ಇದ್ದೆವು.

"ನಾನು ಗೆದ್ದಿರೋನು! ನಾಡಿದ್ದಿಂದ..."

ಆರು ಮುದುಕರು ಸುಮ್ಮನೆ ಅವನನ್ನೇ ನೋಡಿದೆವು. ಚರ್ಚಿನಲ್ಲಿ ಒಬ್ಬನೇ ತಪ್ಪು ಹಾಡು ಹಾಡಿದ ಹಾಗಾಯಿತು ಅವನಿಗೆ. ದನಿ ಇಳಿಯಿತು.

"ಅಲ್ಲ, ನಾಡಿದ್ದಿಂದ ನಾನಲ್ವಾ..." ಅಂತ ಪಿಸುಗುಟ್ಟಿದ.

ಕಲೆರ್ವೊ ಅವನನ್ನು ತೋಳು ಹಿಡಿದು ಕರೆತಂದು ಚೌಕಟ್ಟಿನ ಒಂದು ಮೂಲೆ ಅವನ ಕೈಗೆ ಕೊಟ್ಟ. "ಹಿಡಿ" ಅಂದ, ಗಾಳಿಗಿಂತ ಮೆಲ್ಲಗೆ.

ಹೆಡ್ಲಿ ಹಿಡಿದ. ಹಿಡಿದ ಮೇಲೆ ಬಿಡುವ ಹಾಗಿಲ್ಲ. ಬಿಟ್ಟರೆ ಇನ್ನೂರು ಪೌಂಡು ಕಬ್ಬಿಣ ಕಾಲ ಮೇಲೆ. ಇಪ್ಪತ್ತು ನಿಮಿಷ ನಾವು ನಿಧಾನವಾಗಿ, ಬೇಕಂತಲೇ ನಿಧಾನವಾಗಿ, ಬೆಣೆ ತುರುಕಿದೆವು. ಟ್ರೆವಾರೊ ಮನೆತನದಲ್ಲಿ ಒಬ್ಬ ಗಂಡಸು ಇಪ್ಪತ್ತು ನಿಮಿಷ ಬಾಯಿ ಮುಚ್ಚಿದ್ದು ಅಮೆರಿಕಕ್ಕೆ ಬಂದ ಮೇಲೆ ಅದೇ ಮೊದಲು.

ಮಾರನೇ ದಿನ ಕಲೆರ್ವೊ ತನ್ನ ಕೊನೆಯ ವರದಿಯನ್ನು ಕಚೇರಿಗೆ ಕೊಟ್ಟ: ಅರವತ್ತೆರಡು, ಎಲ್ಲ ಮುಚ್ಚಿದೆ. ಜನವರಿ ಒಂದರಂದು ಹೆಡ್ಲಿ ಪತ್ರಿಕೆಯವರನ್ನು ಕರೆಸಿ ಗೇಟಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡ. "ಮೊದಲನೇ ದಿನವೇ ಮಾತು ಉಳಿಸಿಕೊಂಡೆ. ಈ ಗೇಟನ್ನು ಚಳಿಯಲ್ಲಿ ಸ್ವಂತ ಕೈಯಾರೆ ನಿಲ್ಲಿಸಿದವನು ನಾನು" ಅಂದ. ಅದು ಸುಳ್ಳೂ ಅಲ್ಲ. ಈಗ ಬೇಸಿಗೆಯಲ್ಲಿ ಪ್ರವಾಸಿಗಳಿಗೆ ಬಾವಲಿಯ ಬಗ್ಗೆ ಒಂದು ಗಂಟೆ ಉಪನ್ಯಾಸ ಕೊಡುತ್ತಾನೆ. ನನ್ನ ಸೊಳ್ಳೆಯ ಮಾತನ್ನೂ ಕದ್ದುಕೊಂಡಿದ್ದಾನೆ. ನನಗೆ ಮೈ ಉರಿಯಿತು. ಕಲೆರ್ವೊಗೆ ಅದು ಕಿವಿಗೇ ಬೀಳಲಿಲ್ಲ. ಅವನ ತಲೆಯಲ್ಲಿ ಇದ್ದದ್ದು ಮೇ ತಿಂಗಳು. ಅವು ಆ ಪಟ್ಟಿಗಳ ನಡುವೆ ತೂರಿ ಹೊರಗೆ ಬರುತ್ತವೋ ಇಲ್ಲವೋ.

ಮೇ ಬಂತು. ಹಿಮ ಕರಗಿತು. ಒಂದು ಸಂಜೆ ಇಬ್ಬರೂ ಹೋಗಿ ಬಾಯಿಯ ಎದುರಿಗೆ ಕೂತೆವು. ಬೆಳಕು ಇಳಿಯುತ್ತಾ ಇದ್ದ ಹಾಗೆ ಒಳಗೆ ರೆಕ್ಕೆಯ ಸದ್ದು ಕೇಳಿತು. ಬಂದವು, ಗೇಟಿನ ತನಕ ಬಂದವು, ತಿರುಗಿ ಒಳಗೆ ಹೋದವು. ಮತ್ತೆ ಬಂದವು, ಮತ್ತೆ ತಿರುಗಿದವು. ಒಂದೂ ಹೊರಗೆ ಬರಲಿಲ್ಲ.

"ಐದೂಮುಕ್ಕಾಲು ತಾನೆ?" ಅಂದ ಕಲೆರ್ವೊ.

"ಐದೂಮುಕ್ಕಾಲೇ ಭಾವ. ನಾನೇ ಅಳೆದಿದ್ದು."

ಅವನು ಎದ್ದುಹೋಗಿ ಬೆರಳಿನಿಂದ ಒಂದೊಂದು ಸಂದನ್ನೂ ಅಳೆದ. ತಿರುಗಿ ಬಂದು ಕೂತಾಗ ಅವನ ಮುಖ ನೋಡಲಾಗಲಿಲ್ಲ ನನಗೆ. ಏನಾದರೂ ತಮಾಷೆ ಹೇಳೋಣ ಅಂತ ಬಾಯಿ ತೆರೆದೆ. ನಂಬುತ್ತೀರೋ ಇಲ್ಲವೋ, ಏನೂ ಬರಲಿಲ್ಲ.

ಎರಡನೇ ಸಂಜೆಯೂ ಹಾಗೇ. ಮೂರನೇ ಸಂಜೆ ಒಂದು ಬಂತು. ಗೇಟಿನ ಮುಂದೆ ಒಂದು ಸುತ್ತು ಹಾಕಿ, ರೆಕ್ಕೆ ವಾರೆ ಮಾಡಿ, ಚೀಟಿಯನ್ನು ಬಾಗಿಲ ಸಂದಿಯಲ್ಲಿ ತೂರಿಸಿದ ಹಾಗೆ ಸರಕ್ಕನೆ ಹೊರಗೆ. ಇನ್ನೊಂದು. ಆಮೇಲೆ ಮೂರು. ಆಮೇಲೆ ಮಡಕೆ ಒಡೆದು ನೀರು ಚೆಲ್ಲಿದ ಹಾಗೆ, ನಮ್ಮ ಕಿವಿ ಪಕ್ಕ, ಟೋಪಿ ಮೇಲೆ, ಮರದ ತುದಿಗೆ. ಮಾರ್ಗೊ ಕೊಟ್ಟಿದ್ದ ಎಣಿಸುವ ಯಂತ್ರವನ್ನು ಅವನು ಹೆಬ್ಬೆರಳಿನಲ್ಲಿ ಒತ್ತುತ್ತಲೇ ಇದ್ದ, ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು, ಒರೆಸಿಕೊಂಡರೆ ಲೆಕ್ಕ ತಪ್ಪುತ್ತದೆ ಅಂತ ಹಾಗೇ ಬಿಟ್ಟಿದ್ದ. ಎಷ್ಟಿದ್ದವು ಅಂತೀರಾ? ಸುಳ್ಳು ಯಾಕೆ ಹೇಳಲಿ, ನಲವತ್ತು ಸಾವಿರಕ್ಕೆ ಒಂದು ಕಡಿಮೆ ಇಲ್ಲ. ಚಂದ್ರ ಕೂಡ ಆ ಸಂಜೆ ದಾರಿ ಸಿಗದೆ ತಡವಾಗಿ...

"ಎರಡು ಸಾವಿರದ ಮುನ್ನೂರ ಹದಿನೇಳು!" ಅದು ಸೈಮಾ, ಅಡುಗೆಮನೆಯಿಂದ. "ಆ ಮನುಷ್ಯರ ತಲೆ ತಿಂದಿದ್ದು ಸಾಕು, ಎದ್ದು ಬರ್ತೀರೋ ಇಲ್ವೋ? ಮೀನಿನ ಸಾರು ಆರ್ತಾ ಇದೆ. ನಮ್ಮಣ್ಣ ಆಗಲೇ ಎರಡನೇ ಬಟ್ಟಲು ಹಾಕ್ಕೊಂಡ!"

ಬಂದೆ ಕಣೇ, ಬಂದೆ. ಏಳಿ ಸ್ವಾಮಿ, ನೀವೂ ಏಳಿ. ಅವನು ಮಾತಾಡದೆ ತಿನ್ನುವವನು. ತಡ ಮಾಡಿದರೆ ನಮಗೆ ಬರೀ ಆಲೂಗಡ್ಡೆಯೇ ಗತಿ.